ಖಾಲಿಯಾದ ಕಾಲುಚೀಲಗಳು

ಕಿಶೋರ ಕಾಲುಚೀಲವನ್ನು ಬೋರಲು ಹಿಡಿದು ಜಾಡಿಸಿದ. ನಾಲ್ಕಾರು ಶೇಂಗಾ ಬೀಜ ನೆಲಕ್ಕೆ ಉದುರಿದವು. ಅಷ್ಟೇ.

“ಅವ್ವಾ, ಇದರಾಗ ಏನೂ ಇಲ್ಲಲ್ಲ?”

ಅವನ ಹೆಂಡತಿ ಮಮತಾ ತನ್ನದನ್ನು ಬಿಚ್ಚಿದಳು. ಅದರಲ್ಲೂ ಶೇಂಗಾ ಬೀಜ. ನನ್ನ ಹೆಸರು ಹೊಲಿದಿದ್ದ ಚೀಲದೊಳಗೆ ನಾನು ಕೈ ಹಾಕಿದೆ. ಅದರಲ್ಲೂ ಅವೇ. ಏನು ಮಾಡಬೇಕೆಂದು ತೋಚದೆ ಒಂದು ಬೀಜವನ್ನು ಬಾಯಿಗೆ ಹಾಕಿಕೊಂಡೆ. ಗರಿಗರಿಯಾಗಿತ್ತು.

ಬೆಟಗೇರಿಯ ನಮ್ಮ ಓಣಿಯಲ್ಲಿ ಕ್ರಿಸ್‌ಮಸ್ ಬೆಳಗಿನ ಉಪಾಹಾರಕ್ಕೆ ಕಿಶೋರನ ತಾಯಿ ಕಲ್ಪನಾ ನನ್ನನ್ನು ಪ್ರತಿವರ್ಷ ಕರೆಯುತ್ತಾಳೆ. ಅವಳು ನಿವೃತ್ತ ನರ್ಸ್. ಗಂಡ ತೀರಿಕೊಂಡ ಮೇಲೂ ಮನೆಯ ಒಂದು ಪದ್ಧತಿಯನ್ನು ಬಿಟ್ಟಿರಲಿಲ್ಲ. ಮಗ್ಗದ ಮನೆಗಳಿಂದ ತುಂಡು ಬಟ್ಟೆ ತಂದು, ದೊಡ್ಡ ಕಾಲುಚೀಲಗಳನ್ನು ಹೊಲಿದು, ಒಂದೊಂದರಲ್ಲಿ ಒಬ್ಬೊಬ್ಬರಿಗೆ ಬೇಕಾದ ಸಣ್ಣ ಸಾಮಾನು ತುಂಬಿ ಪಡಸಾಲೆಯಲ್ಲಿ ತೂಗುಹಾಕುತ್ತಿದ್ದಳು. ಚರ್ಚಿನಿಂದ ಬಂದ ಮೇಲೆ ಎಲ್ಲರೂ ಬಿಚ್ಚಬೇಕು. ಮಗ, ಸೊಸೆ, ಗಂಡನ ಅಣ್ಣ ಬಾಬಣ್ಣ, ಮನೆಗೆಲಸದ ಉಡಚವ್ವ, ಪಕ್ಕದ ಮನೆಯ ನಾನು – ಯಾರನ್ನೂ ಬಿಡುತ್ತಿರಲಿಲ್ಲ.

ಆ ಸಾಮಾನು ಆರಿಸುವುದನ್ನು ನೋಡಬೇಕು. ಡಿಸೆಂಬರ್ ಬಂತೆಂದರೆ ಅವಳು ಮನೆಯವರ ಕೈ, ಕಾಲು, ಜೇಬುಗಳನ್ನೇ ಗಮನಿಸುತ್ತಿದ್ದಳು. ಕಿಶೋರನ ಸ್ಕೂಟರ್ ಕೀಲಿ ದಾರದಲ್ಲಿ ಜೋತಾಡುತ್ತಿದೆಯೇ? ಒಂದು ಗಟ್ಟಿ ರಿಂಗು. ಮಮತಾ ಚಹಾ ಸೋಸುವಾಗ ಪುಡಿ ಬೀಳುತ್ತಿದೆಯೇ? ಹೊಸ ಜಾಳಿಗೆ. ಉಡಚವ್ವನ ಸೆರಗು ನಿಲ್ಲುತ್ತಿಲ್ಲವೇ? ಸೇಫ್ಟಿ ಪಿನ್ನಿನ ಗೊಂಚಲು, ಜೊತೆಗೆ ಕೈನೋವಿಗೆ ಮುಲಾಮು. ಉಗುರುಕತ್ತರಿ, ಸೂಜಿದಾರ, ಬೆರಳಷ್ಟುದ್ದದ ಟಾರ್ಚು. ಗದಗಿನ ಟಾಂಗಾಕೂಟದ ಅಂಗಡಿಗಳಲ್ಲಿ ನಾನೂ ಅವಳ ಜೊತೆ ಅಲೆದಿದ್ದೇನೆ. “ತುಟ್ಟಿದು ಕೊಟ್ರ ಕಪಾಟಿನ್ಯಾಗ ಇಡ್ತಾರ್ರಿ ಅಕ್ಕೋರ. ಸಾದಾದು ಕೊಟ್ರ ದಿನಾ ಮುಟ್ತಾರ,” ಅನ್ನುತ್ತಿದ್ದಳು.

ಆ ಬೆಳಿಗ್ಗೆ ಮನೆಯಲ್ಲಿ ಅತಿಥಿಗಳಿದ್ದರು. ಕಿಶೋರ ಕೆಲಸ ಮಾಡುವ ವಾಹನ ಮಳಿಗೆಯ ಮಾಲೀಕರು, ಹೆಂಡತಿಯೊಡನೆ ಮೊದಲ ಸಲ ಬಂದಿದ್ದರು. ಗೋಡೆಯ ಮೇಲೆ ತೂಗುತ್ತಿದ್ದ ಚೀಲಗಳನ್ನು ನೋಡಿ, “ಇದೇನ್ರಿ ಕಿಶೋರ, ನಮಗೂ ತೋರಸ್ರಲ್ಲ,” ಎಂದವರು ಅವರೇ.

ಎಲ್ಲ ಚೀಲಗಳೂ ಬರಿದಾಗಿದ್ದುದನ್ನು ಕಂಡು ಅವರು ನಕ್ಕರು. “ನಿಮ್ಮ ಮನಿಗೆ ಸಾಂತಾ ಬರಲಿಲ್ಲ, ಕಳ್ಳ ಬಂದು ಹೋಗ್ಯಾನ.”

ಕಿಶೋರನ ಮುಖ ಕೆಂಪಾಯಿತು. ಅವನು ನೆಲದ ಮೇಲಿನ ಶೇಂಗಾ ನೋಡಿದ.

“ಶೇಂಗಾ ನಿನ್ನೆ ಯಾರು ತಂದಿದ್ರು?”

ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಉಡಚವ್ವ ತನ್ನೂರು ಹರ್ತಿಯಿಂದ ಹಬ್ಬಕ್ಕೆಂದು ಒಂದು ಗಂಟು ಶೇಂಗಾ ತಂದುಕೊಟ್ಟಿದ್ದಳು.

“ಇಂಥಾ ಸಣ್ಣ ಸಾಮಾನನ್ನ ರೊಕ್ಕಾ ಇದ್ದವರು ಯಾರ್ ಕದೀತಾರ?” ಎಂದಳು ಮಮತಾ, ಮೆಲ್ಲಗೆ.

ಅಡುಗೆಮನೆಯಲ್ಲಿ ವಡೆ ಕರಿಯುತ್ತಿದ್ದ ಉಡಚವ್ವನನ್ನು ಕರೆದರು. ಅವಳ ಕೈಚೀಲ ತರಿಸಿದರು. ಕಿಶೋರನೇ ಅದನ್ನು ಮೇಜಿನ ಮೇಲೆ ಸುರುವಿದ. ಊಟದ ಡಬ್ಬಿ, ಒಂದು ಸೀರೆ, ಬಸ್ಸಿನ ಚೀಟಿಗಳು. ಮತ್ತೆ ಹಳೆ ಪೇಪರಿನಲ್ಲಿ ಸುತ್ತಿದ ಒಂದು ಜೊತೆ ಉಣ್ಣೆಯ ಕಾಲುಚೀಲ.

“ಇದು?”

“ಅವ್ವಾರಿಗೆ ತಂದಿದ್ದೆರಿ. ಥಂಡ್ಯಾಗ ಹಿಮ್ಮಡ ಒಡದಾವ.”

ಕಿಶೋರ ಆ ಪೊಟ್ಟಣವನ್ನು ಹಾಗೇ ಹಿಡಿದುಕೊಂಡು ನಿಂತ. ಮಾಲೀಕರ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಕಲ್ಪನಾ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಏನೂ ಅನ್ನಲಿಲ್ಲ. ಅತಿಥಿಗಳ ಮುಂದೆ ಏನು ಹೇಳಿಯಾಳು ಎಂದುಕೊಂಡೆ. ನಾನೂ ಏನೂ ಅನ್ನಲಿಲ್ಲ.

ಉಡಚವ್ವ ಅಳಲಿಲ್ಲ. ಒಳಗೆ ಹೋಗಿ ಗ್ಯಾಸ್ ಆರಿಸಿದಳು. ಕರಿದ ವಡೆ ಆರಬಾರದೆಂದು ಮೇಲೆ ತಾಟು ಮುಚ್ಚಿದಳು. ಚೀಲ ಎತ್ತಿಕೊಂಡು ಹೋದಳು.

*

ಸಂಜೆ ಅವಳು ನಮ್ಮ ಮನೆ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ನಾಳಿಂದ ನಿಮ್ಮ ಮನಿ ಕೆಲಸಕ್ಕೂ ಬರೂದಿಲ್ರಿ ಅಕ್ಕೋರ.”

“ನಾನೇನೂ ನಂಬಿಲ್ಲ ಉಡಚವ್ವ.”

“ನೀವು ನಂಬಿಲ್ಲ ಖರೆ. ಈ ಓಣ್ಯಾಗ ಉಳದ ಮನಿಗೋಳು? ಎದುರು ಮನಿ ಖೈರುನಬಿ ಅಮ್ಮಾರು ಏನೂ ಅನ್ನಲಿಲ್ರಿ, ದೊಡ್ಡವರು. ಆದ್ರ ಮೂಲಿಮನಿಯವರು ನನ್ನ ಕಣ್ಣೆದುರಿಗೇ ತಾಟು, ವಾಟಗಾ ಎಣಿಸಿ ಒಳಗಿಟ್ರು. ಒಂದು ಮನ್ಯಾಗ ಕಳ್ಳಿ ಅಂದ್ರ ಎಲ್ಲಾ ಮನ್ಯಾಗೂ ಕಳ್ಳೀನೇ. ನಾ ಏನ್ ಮಾಡ್ಕೊಂಡು ಉಣ್ಣಲಿ?”

ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾಯಿತು. ನಮ್ಮ ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವ ಬನಶಂಕರೆವ್ವ ಇಳಿದು ಬಂದಳು. ಪೊಲೀಸ್ ಇಲಾಖೆಯಲ್ಲಿ ಹವಾಲ್ದಾರಳಾಗಿದ್ದು ನಿವೃತ್ತಳಾದವಳು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲ ತಿರುಗಿ ಬಂದರೂ ದನಿ ಮಾತ್ರ ಒಂದಿಷ್ಟೂ ಸಣ್ಣದಾಗಿಲ್ಲ.

“ಯಾರು ಕಳ್ಳಿ? ಯಾರಂದ್ರು? ಕುಂಡ್ರವ್ವ ಇಲ್ಲಿ.”

ಉಡಚವ್ವ ಹೊಸ್ತಿಲ ಮೇಲೆ ಕುಳಿತಳು.

“ನಿನ್ನೆ ಎಷ್ಟೊತ್ತಿಗೆ ಮನಿ ಬಿಟ್ಟಿ?”

“ಹೊತ್ತು ಮುಳಗೋ ಮುಂದ. ಹರ್ತಿ ಬಸ್ಸಿಗೆ.”

“ಆಗ ಕಾಲುಚೀಲ ಕಟ್ಟಿತ್ತು?”

“ಅವ್ವಾರು ಕಟ್ಟಾಕತ್ತಿದ್ರು. ನಾನೇ ಹಗ್ಗ ಹಿಡದೆ.”

“ತುಂಬಿದ್ವೋ, ಖಾಲಿ ಇದ್ವೋ?”

“ಉಬ್ಬಿದ್ವು ರೀ. ನಂದೂ ಉಬ್ಬಿತ್ತು. ಏನೈತಿ ಅಂತ ಹೊರಗಿಂದನ ಹಿಚುಕಿ ನೋಡಿದೆ. ಅವ್ವಾರು ಕೈ ಮ್ಯಾಲೆ ಒಂದು ಕೊಟ್ರು,” ಎಂದು ಅವಳು ಅರೆಕ್ಷಣ ನಕ್ಕು, ಥಟ್ಟನೆ ನಿಲ್ಲಿಸಿದಳು.

“ಶೇಂಗಾ ಹೆಂಗ ಕೊಟ್ಟಿದ್ದಿ?”

“ಹೆಂಗಂದ್ರ? ಕಾಯಿ. ಸಿಪ್ಪಿ ಸುದ್ದಾ. ಹೊಲದಾಗಿಂದು ತಂದು ಬಿಸಲಾಗ ಒಣಗಿಸಿದ್ದು.”

“ಮುಂದ?”

“ಮುಂದೇನ್ರಿ. ಅಡಗಿಮನ್ಯಾಗ ಇಟ್ಟು ಬಸ್ಸಿಗೆ ಓಡಿದೆ.”

ಬನಶಂಕರೆವ್ವ ನನ್ನ ಕಡೆ ತಿರುಗಿದಳು. “ಚೀಲದಾಗಿನ ಶೇಂಗಾ ಎಲ್ಲದಾವ್ರಿ ಅಕ್ಕೋರ? ನೀವು ಅಲ್ಲೇ ಇದ್ರೆಲ್ಲ.”

“ಉಳಿದದ್ದು ಮಮತಾ ಕಸಬರಿಗೆಯಿಂದ ಗುಡಿಸಿದಳು. ನನ್ನ ಚೀಲದ್ದರಲ್ಲಿ ಒಂದು...” ನಾನು ತಡವರಿಸಿದೆ. “ಒಂದನ್ನು ತಿಂದೆ.”

“ಸಾಕ್ಷಿ ತಿಂದ್ರೇನ್ರಿ?” ಅವಳು ಹಣೆಗೆ ಕೈ ಹಚ್ಚಿದಳು. “ಕಾಲೇಜು ಕಲತವರು. ಆತು, ಹೆಂಗಿತ್ತು ಅದನ್ನರ ಹೇಳ್ರಿ.”

“ಗರಿಗರಿ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಉಡಚವ್ವನ ಕಡೆ ಬಾಗಿ, “ನೀ ಇವತ್ತು ಊರಿಗೆ ಹೋಗು. ಯಾರ ಮನಿ ಬಾಗಲಿಗೂ ಹೋಗಿ ಆಣಿ ಮಾಡಬ್ಯಾಡ. ತಿಳೀತಿಲ್ಲೊ?” ಎಂದಳು.

*

ಮರುದಿನ ಬೆಳಿಗ್ಗೆ ನಾವಿಬ್ಬರೂ ಕಲ್ಪನಾಳ ಮನೆಗೆ ಹೋದೆವು. ಅವಳು ಮಲಗಿದ್ದಳು. ಜ್ವರ ಎಂದಳು ಮಮತಾ. ನಾನು ಹೋಗಿ ಹಣೆ ಮುಟ್ಟಿದೆ. ತಣ್ಣಗಿತ್ತು. ಅವಳು ಕಣ್ಣು ತೆರೆಯಲಿಲ್ಲ.

ಬನಶಂಕರೆವ್ವ ಮೊದಲು ಅಡುಗೆಮನೆಗೆ ಹೋಗಿ ನೀರು ಬೇಕೆಂದಳು. ನೀರು ಕುಡಿಯುತ್ತ ಒಂದೆರಡು ಡಬ್ಬಿಯ ಮುಚ್ಚಳ ತೆರೆದು ನೋಡಿ ಮುಚ್ಚಿದಳು. ಕಿಟಕಿಯಿಂದ ಹಿತ್ತಲಿನತ್ತ ಇಣುಕಿದಳು. ಆಮೇಲೆ ಪಡಸಾಲೆಯ ಕುರ್ಚಿಯಲ್ಲಿ ಠಾಣೆಯಲ್ಲಿ ಕೂತಂತೆ ಕೂತಳು.

“ಹೇಳಪಾ ಕಿಶೋರ. ನಿನ್ನ ಕೈಯಾಗಿನ ಈ ಮೊಬೈಲು ಮೊನ್ನೆ ಸಂಜಿ ಎಲ್ಲಿತ್ತು?”

“ಅಲ್ಲೇ, ಚಾರ್ಜಿಗೆ. ಕಾಲುಚೀಲದ ಕೆಳಗ.”

“ಇದನ್ನ ಬಿಟ್ಟು ಸೂಜಿದಾರ ಒಯ್ದಳು ಅಂತೀ?”

“ಮೊಬೈಲು ಒಯ್ದ್ರ ಗೊತ್ತಾಗ್ತದಲ್ರಿ. ಅವರಿಗೆ ಸಣ್ಣ ಸಾಮಾನೇ ದೊಡ್ಡದು.”

“ಆಕಿದೂ ಒಂದು ಚೀಲ ಇತ್ತು. ತನಗ ಕೊಟ್ಟಿದ್ದನ್ನ ತಾನೇ ಕದ್ದಳು?”

“ತನ್ನ ಮ್ಯಾಲೆ ಸಂಶೇ ಬರಬಾರದು ಅಂತ.”

“ಭಾರೀ ಶಾಣ್ಯಾಕಿ ಬಿಡು. ಅಷ್ಟು ಶಾಣ್ಯಾಕಿ ತನ್ನೂರ ಶೇಂಗಾ ಅಲ್ಲೇ ಹಾಕಿ ಹೋದಳು?”

ಕಿಶೋರ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

“ಈ ಸಾಮಾನಿನ ವಿಷಯ ಮೊನ್ನೆ ಮನ್ಯಾಗ ಏನರ ಮಾತು ಬಂದಿತ್ತೇನು?”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಮಮತಾ ಹೇಳಿದಳು. “ನಾ ನಕ್ಕೆರಿ. ಅದು ಖರೆ. ಸಾಹುಕಾರ್ರ ಮುಂದ ಉಗುರುಕತ್ತರಿ, ಚಹಾ ಜಾಳಿಗಿ ತಗದು ತೋರಿಸಬೇಕಾ ಅಂತ ಕೇಳಿದೆ.”

“ಇವರೇನಂದ್ರು?”

“ನಾನೂ ಅಂದೆ,” ಎಂದ ಕಿಶೋರ. ದನಿ ಇಳಿದಿತ್ತು. “ನಮ್ಮವ್ವಗ ತಿಳಿಯೂದಿಲ್ಲ, ಮಾನಾ ಕಳೀತಾಳ ಅಂತ ಅಂದೆ.”

“ಎಲ್ಲಿ ನಿಂತು?”

“ಹಿತ್ತಲ ಕಟ್ಟಿ ಮ್ಯಾಲೆ.”

“ಯಾವಾಗ?”

“ಉಡಚವ್ವ ಹೋದ ಮ್ಯಾಲೆ. ಆಮೇಲೆ ನಾವಿಬ್ಬರೂ ಕ್ಯಾರಲ್ ಹಾಡೋ ತಂಡದ ಜೋಡಿ ಹೊರಟ್ವಿ. ನಮ್ಮ ಮನಿ ಮುಂದೂ ಹಾಡಿ, ಹಂಗೇ ಮುಂದಿನ ಓಣಿಗೆ ಹೋದ್ವಿ. ಬಂದವರು ಮಲಕೊಂಡ್ವಿ. ಚೀಲ ಮುಟ್ಟಿಲ್ಲ. ಬೈಬಲ್ ಮ್ಯಾಲೆ ಕೈ ಇಡ್ತೇನಿ.”

“ಬೈಬಲ್ ಅಲ್ಲೇ ಇರಲಿ. ಅದಕ್ಕ ಯಾಕ ತೊಂದರಿ.”

ಅವಳು ಎದ್ದು ಹೊರಗಿನ ಕಟ್ಟೆಗೆ ಹೋದಳು. ಅಲ್ಲಿ ಬಾಬಣ್ಣ ಬಿಸಿಲು ಕಾಯುತ್ತ ಕುಳಿತಿದ್ದರು. ಎಂಬತ್ತು ದಾಟಿದವರು, ಕಿವಿಯಲ್ಲಿ ಯಂತ್ರ. ಅವರೊಡನೆ ಮಾತಾಡಬೇಕೆಂದರೆ ಎಲ್ಲರಿಗೂ ಕಷ್ಟ. ಕೂಗಬೇಕು, ಮತ್ತೆ ಕೂಗಬೇಕು. ಹಾಗಾಗಿ ಈ ಗದ್ದಲದಲ್ಲಿ ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ.

“ಕಾಕಾರ, ಆರಾಮ ಇದ್ದೀರಿ?” ಬನಶಂಕರೆವ್ವ ಕೂಗಿದಳು.

“ಯಾಕ ಒದರತೀಯವ್ವಾ, ಕೇಳ್ತದ.”

“ಇವತ್ತು ಭಾಳ ಚಲೋ ಕೇಳಾಕತ್ತೈತಲ್ರಿ?”

“ಹೊಸಾ ಸೆಲ್ ಹಾಕೇನಿ. ನಿನ್ನೆ ಚರ್ಚಿನ್ಯಾಗ ಪಾದ್ರಿ ಅಯ್ಯನವರ ಪ್ರಸಂಗ ಒಂದು ಮಾತು ಬಿಡದ ಕೇಳಿದೆ.”

“ಸೆಲ್ ಯಾರು ಕೊಟ್ರು?”

“ಯಾರೋ ಇಟ್ಟಿದ್ರು. ಕ್ರಿಸ್‌ಮಸ್ ದಿನ ಬೆಳಗಾಗೆದ್ದು ನೋಡ್ತೇನಿ, ಚಸ್ಮಾದ ಬಾಜೂ ಅದಾವ.”

“ಹಳೇವು ಯಾವಾಗ ಹೋದ್ವು?”

“ಅದರ ಹಿಂದಿನ ರಾತ್ರಿ. ಹಾಡವರು ಬಂದಿದ್ರು ನೋಡು, ಅವಾಗ. ಎಲ್ಲಾರ ಬಾಯಿ ಅಳ್ಳಾಡೂದು ಅಷ್ಟೇ ಕಾಣ್ತಿತ್ತು.”

ಬನಶಂಕರೆವ್ವ ಅವರ ಪಕ್ಕದಲ್ಲೇ ಕುಳಿತುಬಿಟ್ಟಳು. ಗೊತ್ತಾಯಿತೆಂಬ ಖುಷಿ ಅವಳ ಮುಖದಲ್ಲಿರಲಿಲ್ಲ. “ನಡೀರಿ ಕಾಕಾರ, ಒಳಗ ಹೋಗೂಣು,” ಎಂದು ಕೈ ಹಿಡಿದು ಎಬ್ಬಿಸಿದಳು. ನನಗೆ ಮೆಲ್ಲಗೆ, “ಕಲ್ಪನಾ ಸಿಸ್ಟರನ್ನೂ ಕರೀರಿ,” ಎಂದಳು.

*

ಕಲ್ಪನಾ ಶಾಲು ಹೊದ್ದು ಬಂದು ಗೋಡೆಗೆ ಒರಗಿ ಕುಳಿತಳು.

“ನಾ ಒಂದು ಕೇಳ್ತೇನಿ,” ಎಂದಳು ಬನಶಂಕರೆವ್ವ. “ಕಳ್ಳ ಬಂದ, ಸಾಮಾನು ತಗೊಂಡ. ಖಾಲಿ ಚೀಲದಾಗ ಶೇಂಗಾ ಯಾಕ ಹಾಕಿದ?”

ಅವಳು ಎಲ್ಲರ ಮುಖ ನೋಡಿ ನನ್ನ ಕಡೆ ತಿರುಗಿದಳು.

“ನಿನ್ನೆ ಈ ಮನಿಯಿಂದ ನಮಗ ಕರಚಿಕಾಯಿ ತಾಟು ಬಂತು. ನಮ್ಮ ಅಕ್ಕೋರು ಆ ತಾಟು ಹೆಂಗ ತಿರುಗಿ ಕಳಿಸಿದ್ರು?”

“ಸಕ್ಕರೆ ಹಾಕಿ,” ಎಂದೆ ನಾನು.

“ಯಾಕ? ಖಾಲಿ ಕಳಿಸಬಾರದು. ಈ ಓಣ್ಯಾಗ ಯಾರ ಜಾತಿ ಯಾವುದೇ ಇರಲಿ, ಖಾಲಿ ತಾಟು ಯಾರೂ ಕೊಡೂದಿಲ್ಲ. ಒಂದು ಚೂರು ಸಕ್ಕರಿ, ಒಂದು ಹಿಡಿ ಶೇಂಗಾ. ಕೈ ತಾನೇ ಹಾಕ್ತದ. ಹಬ್ಬದ ದಿನ ಖಾಲಿ ಚೀಲ ತೂಗುಬಿಡಾಕ ಕೈ ಬರಲಾರದವರು ಹಾಕ್ಯಾರ. ಕಳ್ಳರು ಇದನ್ನ ಮಾಡೂದಿಲ್ಲ.”

“ಉಡಚವ್ವನೂ ಹಂಗೇ ಹಾಕಿರಬಹುದಲ್ರಿ,” ಎಂದಳು ಮಮತಾ. ಆದರೆ ಅವಳ ದನಿಯಲ್ಲಿ ಬಲವಿರಲಿಲ್ಲ.

“ಆಕಿ ಕೊಟ್ಟಿದ್ದು ಒಣಗಿದ ಕಾಯಿ. ಚೀಲದಾಗಿನ ಬೀಜ ಅಕ್ಕೋರು ತಿಂದಾರ. ಗರಿಗರಿ. ಅಂದ್ರ ಸುಲದು ಹುರಿದಿದ್ದು. ಆಕಿ ಬಸ್ ಹತ್ತುವಾಗ ಅದಿನ್ನೂ ಸಿಪ್ಪಿನೂ ಬಿಚ್ಚಿರಲಿಲ್ಲ. ನಿಮ್ಮ ಅಡಗಿಮನ್ಯಾಗ ಡಬ್ಬಿ ತುಂಬ ಹುರದಿದ್ದು ಐತಿ, ಈಗ ನೋಡಿ ಬಂದೆ. ಆ ರಾತ್ರಿ ಇಲ್ಲಿದ್ದವರು ಹುರದಾರ.”

ಕಿಶೋರ ತಾಯಿಯನ್ನು ನೋಡಿದ. ಕೂಡಲೇ ಕಣ್ಣು ತೆಗೆದ.

“ಇನ್ನೊಂದು. ಇದನ್ನ ನೀವ್ಯಾರೂ ನೋಡಲಿಲ್ಲ. ಎಲ್ಲಾರ ಸಾಮಾನೂ ಹೋತು. ಆದ್ರ ಕಾಕಾರ ಸೆಲ್ ಅಷ್ಟೇ ಅವರ ಚಸ್ಮಾದ ಹಂತ್ಯಾಕ ಬಂದು ಕುಂತಾವ. ಸಿಸ್ಟರ್ ಪ್ರತಿವರ್ಷ ಅವರ ಚೀಲದಾಗ ಅದನ್ನೇ ಹಾಕ್ತಾರ, ಅಲ್ರೀ ಅಕ್ಕೋರ?”

ನಾನು ತಲೆಯಾಡಿಸಿದೆ. ಆ ಅಂಗಡಿಗೂ ನಾನೇ ಜೊತೆಗೆ ಹೋಗಿದ್ದೆ.

“ಸಾಮಾನು ತಗದವರಿಗೆ, ಈ ಮುದುಕ ನಾಳೆ ಪ್ರಸಂಗ ಕೇಳಲಾರದ ಕುಂಡ್ರಬಾರದು ಅನ್ನೋ ಕಕ್ಕುಲಾತಿ ಇತ್ತು. ಹಳೇ ಸೆಲ್ ಸತ್ತಿದ್ದು ಹಾಡವರು ಬಂದಾಗ. ಉಡಚವ್ವ ಅಷ್ಟೊತ್ತಿಗೆ ಹರ್ತ್ಯಾಗ. ನೀವಿಬ್ಬರೂ ಬಾಗಲ ಹೊರಗ ಹಾಡಿ ಮುಂದ ಹೋದ್ರಿ. ಕಾಕಾರ, ಸೆಲ್ ಹೋಗೇತಿ ಅಂತ ಯಾರಿಗೆ ಹೇಳಿದ್ರಿ?”

ಬಾಬಣ್ಣ ಎಲ್ಲರ ಮುಖ ನೋಡಿದರು. ಈ ಪ್ರಶ್ನೆ ಏನನ್ನು ಎಳೆದು ತರುತ್ತಿದೆಯೆಂದು ಅವರಿಗೆ ಆಗ ಹೊಳೆಯಿತು. “ನನಗ ನೆನಪಿಲ್ಲವ್ವ,” ಎಂದರು.

ಅಷ್ಟು ವಯಸ್ಸಿನವರು ತಮ್ಮನ ಹೆಂಡತಿಗಾಗಿ ಸುಳ್ಳು ಹೇಳುತ್ತಿದ್ದರು.

“ನನಗ ಹೇಳಿದ್ರು,” ಎಂದಳು ಕಲ್ಪನಾ.

ಅವಳು ಎದ್ದಳು. ಒಳಗೆ ಟ್ರಂಕು ತೆರೆದ ಸಪ್ಪಳವಾಯಿತು. ತಲೆದಿಂಬಿನ ಗವಸಣಿಗೆಯೊಂದನ್ನು ತಂದು ಮೇಜಿನ ಮೇಲೆ ಸುರುವಿದಳು. ರಿಂಗು, ಜಾಳಿಗೆ, ಟಾರ್ಚು, ಉಗುರುಕತ್ತರಿ, ಮುಲಾಮಿನ ಡಬ್ಬಿ. ನನಗೆಂದು ತಂದಿದ್ದ ಕನ್ನಡಕದ ದಾರ. ನಿನ್ನೆ ಉಡಚವ್ವನ ಚೀಲ ಸುರುವಿದ್ದೂ ಅದೇ ಮೇಜಿನ ಮೇಲೆ.

“ಅಡಗಿಮನಿ ಕಿಟಕ್ಯಾಗ ಎಲ್ಲಾ ಕೇಳ್ತು,” ಎಂದಳು. “ಇವರು ಅಂದಿದ್ದು ತಪ್ಪಲ್ಲ ಅನಿಸ್ತು. ನೋಡಿದ್ರ ನನಗೂ ನಾಚಿಕಿ ಆತು – ಏನಿದು ಹೊಲಸು, ಸಂತಿ ಸಾಮಾನು. ತಗದು ಇಟ್ಟೆ. ಬರೇ ಚೀಲ ಚಂದಕ್ಕ ತೂಗತಾವ, ಯಾರೂ ಬಿಚ್ಚೂದಿಲ್ಲ, ಸಾಹುಕಾರ್ರು ಹೋದ ಮ್ಯಾಲೆ ಹೇಳಿದ್ರಾತು ಅಂದ್ಕೊಂಡೆ. ಅವರು ಬಿಚ್ಚಂದ್ರು.”

“ಆಕಿ ಚೀಲ ಸುರುವುವಾಗ?” ಬನಶಂಕರೆವ್ವ ಕೇಳಿದಳು.

“ಹೇಳಿದ್ರ ಮಗ ತಾಯಿಗೆ ನಾಚತಾನ ಅನ್ನೂದು ಅವರ ಮುಂದ ಬರತಿತ್ತು. ಇನ್ನೊಂದು ಗಳಿಗಿ, ಅವರು ಹೋಗಲಿ ಅಂದೆ. ಆ ಗಳಿಗ್ಯಾಗ ಆಕಿ ಹೋದಳು.” ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. “ಅದರ ಮ್ಯಾಲೆ ಬಾಯೇ ಬರವಲ್ದು.”

ಕಿಶೋರ ಕೀಲಿರಿಂಗನ್ನು ಎತ್ತಿಕೊಂಡ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಮೇಜಿನ ಮೇಲೇ ಇಟ್ಟ.

“ನನ್ನ ನೌಕರಿಯೊಳಗ ಭಾಳ ಕಳ್ಳರನ್ನ ಹಿಡದೇನಿ,” ಎಂದಳು ಬನಶಂಕರೆವ್ವ. “ಬೇಕಾಗಿ ಕದ್ದವರು, ಚಟಕ್ಕ ಕದ್ದವರು. ತಾನು ಕೊಡೂದನ್ನ ನಾಚಿ ತಾನೇ ಕದ್ದವರನ್ನ ಇವತ್ತೇ ನೋಡಿದೆ. ಸಾಮಾನು ಸಿಕ್ತು ಸಿಸ್ಟರ್. ಉಡಚವ್ವನ ಹೆಸರು ಇನ್ನೂ ಸಿಕ್ಕಿಲ್ಲ. ಅದನ್ನ ನೀವೇ ಹುಡುಕಿ ಕೊಡಬೇಕು.”

*

ಅಂದೇ ಕಲ್ಪನಾ ಉಡಚವ್ವ ಕೆಲಸ ಮಾಡುವ ಮನೆಗಳಿಗೆಲ್ಲ ಹೋದಳು. ಹೋದಲ್ಲಿ ಕುಳಿತುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು, “ನಮ್ಮನ್ಯಾಗಿನ ಸಾಮಾನು ನಾನೇ ತಗದಿಟ್ಟಿದ್ದೆ. ಉಡಚವ್ವಂದು ಏನೂ ತಪ್ಪಿಲ್ಲ,” ಎಂದಳು. ಖೈರುನಬಿ ಏನೂ ಕೇಳದೆ ಅವಳ ಭುಜ ಮುಟ್ಟಿ ಕಳಿಸಿದರು. ಮೂಲೆಮನೆಯಲ್ಲಿ ಮಾತ್ರ, “ಹಂಗ್ಯಾಕ ಮಾಡಿದ್ರಿ?” ಎಂದು ಕೇಳಿದರು. ಕಲ್ಪನಾಳ ಹಿಂದೆ ನಿಂತಿದ್ದ ಕಿಶೋರ ಮುಂದೆ ಬಂದು, “ನಾ ಅವ್ವನ ಸಾಮಾನಿಗೆ ನಾಚಿದ್ದೆರಿ, ಅದಕ್ಕ. ಆಕಿ ಚೀಲ ಹುಡುಕಿದವನೂ ನಾನೇ,” ಎಂದ.

ಮಧ್ಯಾಹ್ನ ಕಲ್ಪನಾ, ಬನಶಂಕರೆವ್ವ, ನಾನು ಹರ್ತಿಯ ಬಸ್ಸು ಹತ್ತಿದೆವು. ಉಡಚವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡವಳು ಎದ್ದು, ಮೊದಲು ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಕಲ್ಪನಾ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿದಳು.

“ಅವ್ವಾರ, ತಗದಿಟ್ಟಿದ್ದು ನಿಮ್ಮ ಸಾಮಾನು. ಅದಕ್ಕ ನಾ ಏನ್ ಅನ್ನಲಿ?” ಎಂದಳು. “ಆದ್ರ ಚೀಲ ಸುರುವುವಾಗ ನಾ ಕಿಶೋರ ಅಣ್ಣಾರ ಕಡೆ ನೋಡ್ಲಿಲ್ರಿ. ನಿಮ್ಮ ಮಾರಿನೇ ನೋಡಾಕತ್ತಿದ್ದೆ. ಈಗ ಅಂತಾರ, ಈಗ ಅಂತಾರ ಅಂತ.”

ಕಲ್ಪನಾ ತಲೆ ತಗ್ಗಿಸಿದಳು.

“ನನ್ನ ಹೆಸರು ತಿರುಗಿ ಕೊಟ್ರಿ, ಚಲೋ ಆತು. ಓಣಿಗೆ ಬರ್ತೇನಿ, ಹೊಟ್ಟಿ ನಡೀಬೇಕಲ್ಲ. ನಿಮ್ಮ ಮನಿಗೆ ಮಾತ್ರ ಬರಾಕ ಆಗೂದಿಲ್ರಿ.”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು.

ಮರುದಿನ ಉಡಚವ್ವ ಓಣಿಗೆ ಬಂದಳು. ಕಲ್ಪನಾ ತನ್ನ ಮನೆಯ ಮುಂದೆ ತಾನೇ ಕಸ ಹೊಡೆಯುತ್ತಿದ್ದಳು. ಉಡಚವ್ವ ಹತ್ತಿರವಾದಾಗ, ಧೂಳು ಅವಳ ಸೀರೆಗೆ ಹಾರಬಾರದೆಂದು ಕಸಬರಿಗೆಯನ್ನು ಎತ್ತಿ ಹಿಡಿದು ಗೋಡೆಗೆ ಸರಿದು ನಿಂತಳು. ಉಡಚವ್ವ ಕಣ್ಣೆತ್ತದೆ ಮುಂದೆ ನಡೆದಳು. ಅವಳು ಮೂಲೆಮನೆಯ ಬಾಗಿಲು ತಟ್ಟಿ ಒಳಗೆ ಹೋಗುವವರೆಗೂ ಕಲ್ಪನಾ ಕಸಬರಿಗೆ ಕೆಳಗಿಳಿಸಲಿಲ್ಲ.